ಅತ್ತೆಯ ರಿಟರ್ನ್

ಕೆಲವು ಇಂಗ್ಲಿಷ್ ಶಬ್ದಗಳು ನೆಂಟರ ಹಾಗೆ. ಎರಡು ದಿನಕ್ಕೆಂದು ಬರುತ್ತವೆ. ಆಮೇಲೆ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ನಮಗಿಂತ ಅವಕ್ಕೇ ಚೆನ್ನಾಗಿ ಗೊತ್ತಿರುತ್ತದೆ. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಹಾಗೆ ಠಿಕಾಣಿ ಹೂಡಿದ ಶಬ್ದ 'ರಿಟರ್ನ್'. ಶಾಲೆಯಲ್ಲಿ ಇದಕ್ಕೆ 'ಹಿಂತಿರುಗು' ಎಂಬ ಒಂದೇ ಅರ್ಥ ಕಲಿಸಿ ಕೈತೊಳೆದುಕೊಂಡಿದ್ದರು. ಇಲ್ಲಿ ಜನ ರೈಲಿನಲ್ಲಿ ರಿಟರ್ನ್ ಮಾಡುತ್ತಾರೆ, ಡಬ್ಬಿ ರಿಟರ್ನ್ ಮಾಡುತ್ತಾರೆ, ಹಾಕಿ ನೋಡಿದ ಬಟ್ಟೆ ರಿಟರ್ನ್ ಮಾಡುತ್ತಾರೆ, ತಿನ್ನಬೇಕಾದ ದೋಸೆಯನ್ನೂ ಮಾಡುತ್ತಾರೆ. ಈ ಒಂದು ಶಬ್ದದಿಂದ ನಮ್ಮಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಅತ್ತೆ ಬಂದ ಮೇಲಂತೂ ನಗುವುದಕ್ಕೂ ಪುರುಸೊತ್ತಿಲ್ಲ.

ಅತ್ತೆ ಉಡುಪಿಯಲ್ಲಿ ಹಿರಿಮಗನ ಮನೆಯಲ್ಲಿರುವವರು. ಕಣ್ಣಿನ ಪೊರೆ ತೆಗೆಸಲು ನಮ್ಮಲ್ಲಿಗೆ ಬಂದರು. ಚಪ್ಪಲಿ ಬಿಡುವ ಮೊದಲೇ ಮಗನಿಗೆ ಹೇಳಿದರು: "ಕಣ್ಣು ಸರಿಯಾದ ಕೂಡಲೇ ನನ್ನ ರಿಟರ್ನ್ ಟಿಕೆಟ್ ಮಾಡು ಮಾರಾಯ." ನಾನು "ಇರಿ ಅತ್ತೆ, ಏನು ಅವಸರ" ಅಂದೆ. ಇದು ಬಂದವರಿಗೆ ಕಾಫಿ ಕೊಟ್ಟ ಹಾಗೆ, ಸೊಸೆ ಹೇಳಲೇಬೇಕಾದ ಮಾತು. ಆದ್ದರಿಂದಲೇ ಅತ್ತೆ ನಂಬಬಾರದ ಮಾತು. ನಮ್ಮದು ಒಂದೇ ಬೆಡ್‌ರೂಮಿನ ಮನೆ. ಆ ರೂಮು ಕಾಲೇಜಿಗೆ ಹೋಗುವ ಮಗಳದ್ದು. ಅಜ್ಜಿ ಅದರಲ್ಲಿ ಅರ್ಧ ಪಾಲುದಾರರಾದರು. ಅತ್ತೆಯ ರಿಟರ್ನ್ ಯಾವಾಗ ಎಂಬ ಪ್ರಶ್ನೆ ಅಂದಿನಿಂದ ಸೀಲಿಂಗ್ ಫ್ಯಾನಿನಂತೆ ಎಲ್ಲರ ತಲೆಯ ಮೇಲೆ ತಿರುಗುತ್ತಿತ್ತು. ಸ್ವಿಚ್ಚನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಹಿಂದಕ್ಕೆ ಹೋದರೇ ಸೀಟು

ಆಪರೇಶನ್ ಆದ ಮೇಲೆ ತಪಾಸಣೆಗೆಂದು ಅವರನ್ನು ಬೆಳಿಗ್ಗೆ ಮುಂಬೈ ದಾರಿಯ ಠಾಣೆ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಠಾಣೆ ಕಡೆಯ ರೈಲನ್ನು ಯಾರೂ ಹತ್ತುವುದಿಲ್ಲ, ಹಿಂದಿನವರು ಹತ್ತಿಸುತ್ತಾರೆ. ಕೂತು ಹೋಗುವ ಆಸೆಯಿರುವವರು ಏನು ಮಾಡುತ್ತಾರೆಂದರೆ, ಎದುರು ಪ್ಲಾಟ್‌ಫಾರ್ಮಿನಲ್ಲಿ ಉಲ್ಟಾ ದಿಕ್ಕಿಗೆ, ಕಲ್ಯಾಣ ಸ್ಟೇಶನ್ನಿಗೆ ಹೋಗುವ ಖಾಲಿ ಗಾಡಿ ಹಿಡಿಯುತ್ತಾರೆ. ಕಲ್ಯಾಣದಲ್ಲಿ ಇಳಿಯದೆ ಕೂತೇ ಇರುತ್ತಾರೆ. ಅದೇ ಗಾಡಿ ತಿರುಗಿ ಹೊರಟಾಗ ಮಹಾರಾಣಿಯರಂತೆ ಬರುತ್ತಾರೆ. ಇದಕ್ಕೆ ಇಲ್ಲಿ 'ರಿಟರ್ನ್ ಮಾಡುವುದು' ಎಂದು ಹೆಸರು.

ಗಾಡಿ ಹೊರಟಿತು. ಅತ್ತೆ ಕಿಟಕಿಯಿಂದ ನೋಡಿದರು.

"ಠಾಣೆ ಆ ಕಡೆ ಅಲ್ಲವಾ?"

"ಹೌದು ಅತ್ತೆ."

"ಮತ್ತೆ ನಾವು ಈ ಕಡೆ ಎಂತಕ್ಕೆ ಹೋಗುವುದು? ಕಣ್ಣು ಆಪರೇಶನ್ ಆದದ್ದು ನನಗಾ, ನಿನಗಾ?"

ಲೇಡೀಸ್ ಡಬ್ಬಿಯಲ್ಲಿ ಕನ್ನಡ ಬಾರದವರೂ ನಕ್ಕರು. ಕಲ್ಯಾಣದಿಂದ ಗಾಡಿ ತಿರುಗಿ ಪುನಃ ಡೊಂಬಿವಲಿಗೆ ಬಂದಾಗ ಅತ್ತೆಗೆ ತಡೆಯಲಿಲ್ಲ. "ಇಷ್ಟು ಹೊತ್ತು ಕೂತು ಬಂದದ್ದು ನಮ್ಮ ಮನೆ ಹತ್ತಿರಕ್ಕಾ? ಉಡುಪಿಯಲ್ಲಿ ಸಿಟಿ ಬಸ್ಸಿನವ ಹೀಗೆ ಮಾಡಿದ್ದರೆ ಡ್ರೈವರನನ್ನು ಇಳಿಸಿ ನಾವೇ ಬಸ್ಸು ಬಿಟ್ಟುಕೊಂಡು ಹೋಗ್ತಿದ್ದೆವು!"

ಅಷ್ಟರಲ್ಲಿ ಬಾಗಿಲಿನಿಂದ ಜನ ನುಗ್ಗಿತು. ಒಬ್ಬಳ ಚೀಲ ಒಳಗೆ, ಅವಳು ಹೊರಗೆ. ಇನ್ನೊಬ್ಬಳ ಜಡೆ ಮೂರನೆಯವಳ ಕೈಯಲ್ಲಿ. ಅತ್ತೆ ಅದನ್ನು ನೋಡಿದರು, ತಮ್ಮ ಸೀಟನ್ನು ನೋಡಿಕೊಂಡರು, ಸೆರಗು ಹರಡಿ ಇನ್ನಷ್ಟು ಅಗಲವಾಗಿ ಕೂತರು. ನನ್ನ ಕಿವಿಯಲ್ಲಿ ಹೇಳಿದರು: "ಈಗ ಗೊತ್ತಾಯಿತು. ಇನ್ನು ಯಾರು ಹೇಳಿದರೂ ಇಳಿಯಬಾರದು."

ಠಾಣೆಯಲ್ಲಿ ಅವರನ್ನು ಎಬ್ಬಿಸಲು ನನಗೆ ಇಬ್ಬರ ಸಹಾಯ ಬೇಕಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಅಜ್ಜಿ, ಈಗ ಹೇಗೆ ಕಾಣ್ತದೆ?"

"ಕಿಟಕಿ ಸೀಟಿನಿಂದ ಭಾರೀ ಚಂದ ಕಾಣ್ತದೆ."

ಖಾಲಿ ಡಬ್ಬಿ

ನಮ್ಮ ಪಕ್ಕದ ಮನೆಯಲ್ಲಿ ಮರಾಠಿ ಹೆಂಗಸೊಬ್ಬರಿದ್ದಾರೆ. ಇಡೀ ಬಿಲ್ಡಿಂಗಿಗೆ ಅವರು ಕಾಕೂ, ಅಂದರೆ ಚಿಕ್ಕಮ್ಮ. ಡಬ್ಬಿಯ ವಿಷಯದಲ್ಲಿ ನಮ್ಮ ಬಿಲ್ಡಿಂಗಿನದು ಕಟ್ಟುನಿಟ್ಟು. ವಾಪಸ್ ಬಾರದಿದ್ದರೂ ನಡೆದೀತು ಎಂಬವರಿಗೆ ಐಸ್‌ಕ್ರೀಮಿನ ಹಳೆಯ ಪ್ಲಾಸ್ಟಿಕ್ ಡಬ್ಬಿ. ವಾಪಸ್ ಬರಲೇಬೇಕಾದರೆ ಸ್ಟೀಲ್. ಸ್ಟೀಲ್ ಡಬ್ಬಿಯನ್ನು ರಿಟರ್ನ್ ಮಾಡುವಾಗ ಖಾಲಿ ಕೊಡಬಾರದು. ಒಳಗೆ ಏನಾದರೂ ಇರಬೇಕು. ಅತ್ತೆಯ ಶಾಸ್ತ್ರವೂ ಅದೇ. ಹೀಗಾಗಿ ಎರಡು ಮನೆಗಳ ನಡುವೆ ಒಂದು ಡಬ್ಬಿ ನಡೆಯಲು ಶುರುವಾದದ್ದು ನಿಲ್ಲಲೇ ಇಲ್ಲ.

ಕಾಕೂ ಅಳುವಡಿ ಕಳಿಸಿದರು. ಅತ್ತೆ ಮುರಿದು ನೋಡಿ, "ಕೆಸುವಿನೆಲೆ! ನಮ್ಮ ಪತ್ರೊಡೆಯನ್ನು ಎಣ್ಣೆಗೆ ಹಾಕಿ ಹಾಳು ಮಾಡಿದ್ದಾರೆ" ಎಂದು ಡಬ್ಬಿ ತುಂಬ ಪತ್ರೊಡೆ ಮಾಡಿ ಕಳಿಸಿದರು. ಕಾಕೂ ಅದನ್ನು ತಿಂದು, ಪಾಪ, ಇವರಿಗೆ ಹುರಿಯುವುದು ಮರೆತುಹೋಗಿರಬೇಕು ಎಂದುಕೊಂಡು, ಅದನ್ನೇ ಹುರಿದು ವಾಪಸ್ ಕಳಿಸಿದರು. ಇವರಿಗೆ ಮರಾಠಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಆದರೂ ಸಂಜೆ ಬಾಗಿಲಲ್ಲಿ ನಿಂತು ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಏನು ಮಾತು ಎಂದು ಕೇಳಿದರೆ ಅತ್ತೆ, "ಅವರ ಸೊಸೆಯ ವಿಷಯ" ಎನ್ನುತ್ತಿದ್ದರು. ಕಾಕೂ ಏನೆನ್ನುತ್ತಿದ್ದರೋ, ನಾನು ವಿಚಾರಿಸಲು ಹೋಗಲಿಲ್ಲ.

ಒಂದು ದಿನ ಆಫೀಸಿನಿಂದ ಸುಸ್ತಾಗಿ ಬಂದವಳು, ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ, ಡಬ್ಬಿಯನ್ನು ತೊಳೆದು ಖಾಲಿಯೇ ಕೊಟ್ಟು ಬಂದೆ. ಐದೇ ನಿಮಿಷಕ್ಕೆ ಬೆಲ್ ಆಯಿತು. ಕಾಕೂ, ಮುಖ ಬಾಡಿಸಿಕೊಂಡು, ಕೈಯಲ್ಲಿ ಗಂಜಿಯ ಪಾತ್ರೆ.

"ಅಗಂ, ಕೋಣ್ ಆಜಾರಿ ಆಹೇ?"

ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಲು ಬಂದಿದ್ದರು. ಎಲ್ಲರೂ ಆರಾಮ ಎಂದರೆ ಡಬ್ಬಿ ಖಾಲಿ ಯಾಕೆ ಎಂಬುದಕ್ಕೆ ಉತ್ತರ ಕೊಡಬೇಕು. "ನನಗೇ ಸ್ವಲ್ಪ ಜ್ವರ" ಅಂದೆ. ಆ ರಾತ್ರಿ ನನಗೆ ಊಟಕ್ಕೆ ಗಂಜಿ. ಅತ್ತೆಯೂ ಕಾಕೂವೂ ಎದುರಿಗೆ ಕೂತು ಕುಡಿಸಿದರು.

ಚಕ್ಕುಲಿ ಮತ್ತು ಕುರ್ತಾ

ಮಗಳು ಬಟ್ಟೆ ತರಿಸುವುದು ಮೊಬೈಲಿನಲ್ಲಿ. ಒಂದೇ ಕುರ್ತಾವನ್ನು ಎರಡು ಅಳತೆಯಲ್ಲಿ ತರಿಸಿ, ಸರಿಯಾದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ರಿಟರ್ನ್ ಮಾಡುತ್ತಾಳೆ. ಅಂಗಡಿಯವನೇ ಮನೆಗೆ ಬಂದು ವಾಪಸ್ ಒಯ್ಯುತ್ತಾನೆ ಎಂಬುದು ಅತ್ತೆಗೆ ಪವಾಡದಂತೆ ಕಂಡಿತು. "ಬೈಯದೆಯೇ ತಕೊಂಡು ಹೋಗ್ತಾನಾ?" ಎಂದು ಮತ್ತೆ ಮತ್ತೆ ಕೇಳಿದರು.

ಒಂದು ದಿನ ಮಗಳು ಪೊಟ್ಟಣ ಕಟ್ಟಿಟ್ಟು ಕಾಲೇಜಿಗೆ ಹೋದಳು. ಪಾರ್ಸೆಲ್ಲಿನವನು ಬಂದಾಗ ಮನೆಯಲ್ಲಿದ್ದದ್ದು ಅತ್ತೆ ಒಬ್ಬರೇ. ಒಯ್ಯಲು ಕೊಟ್ಟರು. ಒಂದು ವಾರದ ಮೇಲೆ ಆ ಕುರ್ತಾ ಪುನಃ ನಮ್ಮ ಮನೆಗೇ ಬಂತು. ಮಗಳ ಮೊಬೈಲಿಗೆ ಸಂದೇಶ: ನಿಮ್ಮ ರಿಟರ್ನ್ ಸ್ವೀಕೃತವಾಗಿಲ್ಲ, ಬಟ್ಟೆಯ ಮೇಲೆ ಎಣ್ಣೆಯ ಕಲೆ ಮತ್ತು ಆಹಾರ ಪದಾರ್ಥ ಕಂಡುಬಂದಿದೆ.

"ಅಜ್ಜೀ, ಆಪ್‌ನೇ ಇಸ್‌ಮೇ ಕ್ಯಾ ಡಾಲಾ?" ಮಗಳು ಚೀರಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಸಿಟ್ಟು ಮಾತ್ರ ಹಿಂದಿಯಲ್ಲೇ ಬರುತ್ತದೆ.

"ಎಂತದ್ದು ಹಾಕುವುದು? ನಾಲ್ಕು ಚಕ್ಕುಲಿ. ಬಂದ ಪೊಟ್ಟಣವನ್ನು ಖಾಲಿ ವಾಪಸ್ ಕಳಿಸ್ತಾರಾ ಯಾರಾದರೂ?" ಎನ್ನುತ್ತಾ ಅತ್ತೆ ಕುರ್ತಾವನ್ನು ಎತ್ತಿ, ಕೊಡವಿ, ಎರಡೂ ತೋಳುಗಳೊಳಗೆ ಕೈಹಾಕಿ ಹುಡುಕಿದರು. ಏನೂ ಸಿಗಲಿಲ್ಲ.

"ನೋಡು, ನನ್ನ ಚಕ್ಕುಲಿ ತಿಂದು ಅವರು ಖಾಲಿ ಕಳಿಸಿದ್ದಾರೆ. ಇನ್ನು ಮೇಲೆ ಆ ಅಂಗಡಿಯಿಂದ ತರಿಸಬೇಡ, ಸಂಸ್ಕಾರ ಇಲ್ಲದವರು."

ಕರವಸ್ತ್ರ

ನನ್ನ ಗಂಡ ವಾಶಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅಮ್ಮನಿಗೆ ತಮ್ಮ ಕಾರುಬಾರು ತೋರಿಸಬೇಕೆಂದು ಒಂದು ಭಾನುವಾರ ನಮ್ಮನ್ನು ಅಲ್ಲಿಗೆ ಕರೆಸಿಕೊಂಡರು. ಅಮ್ಮನಿಗೆಂದು ನೀರುದೋಸೆ ತರಿಸಿದರು. ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಇದು ದೋಸೆಯಲ್ಲ, ಕರವಸ್ತ್ರ. ಇಸ್ತ್ರಿ ಸಹ ಮಾಡಿಲ್ಲ." ಆಮೇಲೆ ಮೊಮ್ಮಗಳು ಕುರ್ತಾಕ್ಕೆ ಹೇಳುವ ಶಬ್ದವನ್ನೇ ವೇಟರಿಗೆ ಗಟ್ಟಿಯಾಗಿ ಹೇಳಿದರು: "ರಿಟರ್ನ್!"

ಪಕ್ಕದ ಟೇಬಲಿನವರು ತಮ್ಮ ದೋಸೆಯನ್ನೂ ಬೆಳಕಿಗೆ ಹಿಡಿದು ನೋಡಿದರು. "ಆಂಟಿ ಸಹೀ ಬೋಲ್ ರಹೀ ಹೈ" ಎಂದು ಅವರೂ ವಾಪಸ್ ಕಳಿಸಿದರು. ಅವರ ಹಿಂದಿನ ಟೇಬಲ್ ಇಡ್ಲಿಯನ್ನು ಎತ್ತಿ ಹಿಡಿಯಿತು. ಇಡ್ಲಿಯಲ್ಲಿ ಬೆಳಕು ಕಾಣದಿದ್ದರೂ ಅದೂ ವಾಪಸ್. ಸ್ವಲ್ಪ ಹೊತ್ತಿನಲ್ಲಿ ಅಡುಗೆಭಟ್ಟ ಹೊರಗೆ ಬಂದು ನನ್ನ ಗಂಡನ ಹತ್ತಿರ ಮೆಲ್ಲಗೆ ಕೇಳಿದ, "ಅಣ್ಣ, ಅಮ್ಮ ನಾಳೆಯೂ ಬರ್ತಾರಾ? ಬರುವುದಾದರೆ ನನಗೆ ರಜೆ ಬೇಕು."

ಆ ಸಂಜೆ ಮನೆಗೆ ಬಂದವರೇ ನನ್ನ ಗಂಡ ಮೊಬೈಲ್ ತೆಗೆದು ಟಿಕೆಟ್ ಬುಕ್ ಮಾಡಿದರು. ಠಾಣೆಯಿಂದ ಉಡುಪಿಗೆ, ಮುಂದಿನ ವಾರ.

"ಆಯಿತು" ಎಂದರು ಅತ್ತೆ. ಅವರು ಒಂದೇ ಶಬ್ದದಲ್ಲಿ ಮಾತು ಮುಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಗಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು "ಇರಿ ಅತ್ತೆ, ಏನು ಅವಸರ" ಅಂದೆ. ಅದೇ ಮಾತು, ಅದೇ ಧಾಟಿ. ಈ ಸಲ ನಿಜವಾಗಿ ಹೇಳುತ್ತಿದ್ದೇನೆ ಎಂದು ತಿಳಿಸುವುದು ಹೇಗೆ? ಅದಕ್ಕೆ ಸೊಸೆಯಂದಿರ ಭಾಷೆಯಲ್ಲಿ ವ್ಯವಸ್ಥೆಯೇ ಇಲ್ಲ.

ಕಿಟಕಿ ಸೀಟು

ಹೊರಡುವ ದಿನ ನಾನು ದಾರಿಯ ಊಟವನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬುತ್ತಿದ್ದೆ. ಕಾಕೂ ಬಂದರು, ಅದನ್ನು ಪಕ್ಕಕ್ಕೆ ಸರಿಸಿದರು, ಅತ್ತೆಯ ಕೈಗೆ ತಮ್ಮ ಡಬ್ಬಿ ಇಟ್ಟರು. ತುಂಬ ಅಳುವಡಿ. ಡಬ್ಬಿ ಸ್ಟೀಲಿನದು. ನಾನು ನೋಡಿದೆ, ಊರಿಗೆ ಹೋಗುವವರಿಗೆ ಸ್ಟೀಲ್ ಯಾಕೆ ಎಂದು ಕೇಳಲಿಲ್ಲ.

ಗಂಡ ವಾಶಿಯಿಂದ ನೇರ ಠಾಣೆಗೆ ಬರುವವರಿದ್ದರು. ನಾವಿಬ್ಬರು ಡೊಂಬಿವಲಿ ಸ್ಟೇಶನ್ನಿಗೆ ಹೋದೆವು. ನಡು ಮಧ್ಯಾಹ್ನವೂ ಅಲ್ಲಿ ಜಾತ್ರೆ. "ರಿಟರ್ನ್ ಮಾಡುವ, ಕೂತು ಹೋಗುವ" ಎಂದು ಅತ್ತೆಯೇ ಅಪ್ಪಣೆ ಮಾಡಿದರು. ಕಲ್ಯಾಣಕ್ಕೆ ಹೋದೆವು, ಕೂತೆವು, ತಿರುಗಿ ಬಂದೆವು. ಅತ್ತೆಗೆ ಕಿಟಕಿ. ಮುಂಬ್ರಾದ ಗುಡ್ಡ ನೋಡಿದರು, ಖಾಡಿಯ ಹಿನ್ನೀರು ನೋಡಿದರು. ಮಡಿಲಲ್ಲಿ ಡಬ್ಬಿ.

ಠಾಣೆಯಲ್ಲಿ ಇಳಿಯಬೇಕಾದರೆ ಒಂದು ಸ್ಟೇಶನ್ ಮೊದಲೇ ಎದ್ದು ಬಾಗಿಲಿಗೆ ಹೋಗಿ ನಿಲ್ಲಬೇಕು. "ಬನ್ನಿ ಅತ್ತೆ" ಎಂದು ಅವರ ಬ್ಯಾಗ್ ಎತ್ತಿಕೊಂಡು ಹೊರಟೆ. ಹಿಂದೆ ಬರುತ್ತಿದ್ದಾರೆಂದೇ ನನ್ನ ನಂಬಿಕೆ. ಠಾಣೆಯಲ್ಲಿ ಜನ ನನ್ನನ್ನೂ ಬ್ಯಾಗನ್ನೂ ಒಟ್ಟಿಗೆ ಉಗುಳಿತು. ತಿರುಗಿ ನೋಡಿದರೆ ಅತ್ತೆ ಕಿಟಕಿಯಲ್ಲೇ.

"ಅತ್ತೇ! ಇಳಿಯಿರಿ!"

ಅತ್ತೆ ಕೈಬೀಸಿದರು. ಗಾಡಿ ಮುಂಬೈ ಕಡೆ ಹೊರಟಿತು.

ಓಡಿ ಬಂದ ಗಂಡ ಫೋನ್ ಮಾಡಿದರು. ಸ್ಪೀಕರಿನಲ್ಲಿ ಅತ್ತೆಯ ನೆಮ್ಮದಿಯ ದನಿ: "ಕಿಟಕಿ ಸೀಟು ಮಾರಾಯ. ಬಿಟ್ಟು ಇಳಿಯುವುದು ಹೇಗೆ? ಕೊನೆಯ ಸ್ಟೇಶನ್ನಿಗೆ ಹೋಗಿ ರಿಟರ್ನ್ ಮಾಡಿ ಬರ್ತೇನೆ."

"ಅಮ್ಮಾ, ಉಡುಪಿಯ ಗಾಡಿ ಈಗ ಬರ್ತದೆ! ನಿನ್ನ ಹತ್ತಿರ ಲೋಕಲ್ ಟಿಕೆಟ್ ಇರುವುದು ಠಾಣೆಯವರೆಗೆ ಮಾತ್ರ. ಟೀಸಿ ಹಿಡಿದರೆ?"

"ಉಡುಪಿಯ ಟಿಕೆಟ್ ಉಂಟಲ್ಲ, ಅದನ್ನು ತೋರಿಸ್ತೇನೆ. ಅದು ಇನ್ನೂ ದೂರದ್ದು."

ಉಡುಪಿಯ ಗಾಡಿ ಬಂತು, ನಿಂತಿತು, ಹೋಯಿತು. ನಾನು ಅತ್ತೆಯ ಬ್ಯಾಗ್ ಹಿಡಿದುಕೊಂಡು ನಿಂತಿದ್ದೆ. ಗಂಡ ನನ್ನ ಮುಖ ನೋಡಿ, "ನಿನಗೆ ನಗು ಯಾಕೆ ಬರ್ತಾ ಇದೆ?" ಅಂದರು. ಇಲ್ಲವಲ್ಲ, ಅಂದೆ.

ಸಂಜೆಗೆ ಅತ್ತೆ ಅದೇ ಸೀಟಿನಲ್ಲಿ ಡೊಂಬಿವಲಿಗೆ ಬಂದಿಳಿದರು. ಮನೆಗೆ ಬಂದು ನೇರ ಅಡುಗೆಮನೆಗೆ ಹೋದರು. ಗಂಡ ಹಿಂದೆಯೇ ಹೋಗಿ, "ಎಂತ ಅಮ್ಮ ಇದು?" ಎಂದರು.

"ಕಾಕೂನ ಸ್ಟೀಲಿನ ಡಬ್ಬಿ ನನ್ನ ಹತ್ತಿರ ಉಂಟಲ್ಲವಾ? ಅದನ್ನು ಕೊಡದೆ ಊರಿಗೆ ಹೋಗುವುದು ಹೇಗೆ? ನಾವೇನು ಆ ಕುರ್ತಾ ಅಂಗಡಿಯವರಾ?"

ಗಂಡ ಸೋತು ಮೊಬೈಲ್ ತೆಗೆದರು. "ಸರಿ, ಡಬ್ಬಿ ಕೊಟ್ಟು ಬಾ. ನಾನು ನಾಳಿದ್ದಿಗೆ ಟಿಕೆಟ್ ಉಂಟಾ ನೋಡ್ತೇನೆ."

ಅತ್ತೆ ಅಳುವಡಿಯನ್ನು ತಟ್ಟೆಗೆ ಸುರಿದು, ಡಬ್ಬಿಗೆ ಚಕ್ಕುಲಿ ತುಂಬಿ ಪಕ್ಕದ ಮನೆಯ ಬೆಲ್ ಒತ್ತಿದರು. ನಾವೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಕಾಕೂಗೆ ಆಶ್ಚರ್ಯವೇ ಆದಂತೆ ಕಾಣಲಿಲ್ಲ. ಡಬ್ಬಿ ತೆಗೆದುಕೊಂಡು ನನ್ನ ಗಂಡನ ಕೈಯಲ್ಲಿದ್ದ ಮೊಬೈಲ್ ನೋಡಿದರು, ಒಳಗೆ ಹೋದರು. ಹೊರಗೆ ಬಂದಾಗ ಅವರ ಕೈಯಲ್ಲಿದ್ದದ್ದು ನಾಲ್ಕು ಅಂತಸ್ತಿನ ಸ್ಟೀಲ್ ಟಿಫಿನ್ ಕ್ಯಾರಿಯರ್.