ಮೈದುನನ ಹೊಳಪು, ನನ್ನ ಬೂದಿ

ನಮ್ಮನೇಲಿ ಗಾಜಿನ ಕನ್ನಡಿ ಅಂತ ಇರೋದು ಒಂದೇ, ಅದೂ ಒಡೆದದ್ದು. ಆದ್ರೂ ಮುಖ ತಪ್ಪಿಸಿಕೊಂಡು ಓಡಾಡೋಕೆ ಈ ಮನೇಲಿ ಜಾಗ ಇಲ್ಲ! ಕುಕ್ಕರ್ ಮುಚ್ಚಳ ನೋಡಿದ್ರೆ ನನ್ನ ಮುಖ, ಬಾಗಿಲ ಚಿಲಕ ನೋಡಿದ್ರೆ ನನ್ನ ಮೂಗು, ಮೊಪೆಡ್ಡಿನ ಎಂಜಿನ್ ನೋಡಿದ್ರೆ ನನ್ನ ಉಳಿದಿರೋ ನಾಲ್ಕು ಹಲ್ಲು. ಎಲ್ಲಾ ನನ್ನ ಮೈದುನನ ಕೆಲಸ. ನಾನು ಮತ್ತೆ ಎದ್ದು ನಡೀತೀನೋ, ಮಂಚದಲ್ಲೇ ಮುಗೀತೀನೋ ಅಂತ ಮನೆಯೋರು ಪೇಚಾಡ್ತಿದ್ದಾಗಲೂ ಈ ಮಹಾನುಭಾವ ಮೂಲೇಲಿ ಕೂತು ಉಜ್ಜುತ್ತಲೇ ಇದ್ದ. ಆ ಮಾತು ಆಮೇಲೆ ಬರ್ತದೆ.

ಇವನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಪಾಲಿಶ್ ಚಕ್ರದ ಮುಂದೆ ನಿಂತವನು. ರಿಟೈರ್ ಆದೋರು ಕಾಶಿಗೆ ಹೋಗ್ತಾರೆ, ಇವನು ಅಟ್ಟ ಹತ್ತಿದ. ಅಲ್ಲಿದ್ದ ಅಲ್ಯೂಮಿನಿಯಂ ಸಾಮಾನೆಲ್ಲ ಕೆಳಗಿಳೀತು. ಮೊದಲು ಒರಟು ಉಪ್ಪುಕಾಗದ, ಅದೇ ಸ್ಯಾಂಡ್‌ಪೇಪರು, ಆಮೇಲೆ ನೀರಲ್ಲಿ ನೆನೆಸಿದ ನುಣುಪು ಕಾಗದ. ಒಂದು ಸಲ ಉದ್ದಕ್ಕೆ ಉಜ್ಜಿದ್ರೆ ಮುಂದಿನ ಸಲ ಅಡ್ಡಕ್ಕೆ. ಕೊನೆಗೆ ಮಿಕ್ಸಿ ಮೋಟಾರಿಗೆ ಬಟ್ಟೆ ಚಕ್ರ ಸಿಕ್ಕಿಸಿ, ಹಸಿರು ಸೋಪಿನಂಥ ಪಾಲಿಶ್ ಗಟ್ಟಿ ಹಚ್ಚಿ, ಗುರ್ ಅಂತ ತಿರುಗಿಸೋದು. ಒಂದು ದಿನ ಚಟ್ನಿ ಹಸಿರಾಗಿ ಬಂತು. ಕೊತ್ತಂಬರಿ ಯಾರೂ ಹಾಕಿರ್ಲಿಲ್ಲ!

ಕೆಲಸ ಮುಗೀತು ಅಂತ ಗೊತ್ತಾಗೋದು ಹೇಗೆ? ಸಾಮಾನನ್ನ ಎತ್ತಿ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ತಾನೆ. ಕುಕ್ಕರ್ ಮುಚ್ಚಳಕ್ಕೆ ಹೀಗೆ ಮಾಡ್ತಿದ್ದಾಗ ಅವನ ಹೆಂಡ್ತಿ, ಅಂದ್ರೆ ನನ್ನ ಓರಗಿತ್ತಿ, ನೋಡಿಬಿಟ್ಟಳು.

"ನೋಡಕ್ಕ! ಮದುವೆಯಾಗಿ ಇಷ್ಟು ವರ್ಸ ಆಯ್ತು, ನನ್ ಕೆನ್ನೆಗೆ ಒಂದಿನ ಹಿಂಗೆ ಕೆನ್ನೆ ಇಟ್ಟೋನಲ್ಲ!"

ಅವನು ಕಣ್ಣು ತೆರೀದೇ ಅಂದ: "ನೀನೂ ಉಪ್ಪುಕಾಗ್ದದಾಗೆ ಉಜ್ಜಿಸ್ಕೊಂಡು ಬಾ, ಇಡ್ತೀನಿ."

ಅವತ್ತು ಅವನಿಗೆ ಹಸಿರು ಚಟ್ನಿಯೂ ಸಿಗಲಿಲ್ಲ.

ಮೊಪೆಡ್ಡಿನ ಎಂಜಿನ್ ಮುಚ್ಚಳ ಉಜ್ಜಿದ ಕಥೆ ಬಾಗಲೂರು ರಸ್ತೆಯೋರಿಗೆಲ್ಲ ಗೊತ್ತು. ಬೀದೀಲಿ ನಿಲ್ಲಿಸಿದ್ದ. ಪಕ್ಕದ ಮನೆ ಹಸು ಬಂತು, ಮುಚ್ಚಳದಲ್ಲಿ ಇನ್ನೊಂದು ಹಸು ಕಂಡ್ತು. ತಲೆ ತಗ್ಗಿಸ್ತು, ಒಂದೇ ಗುದ್ದು! ಗಾಡಿ ಚರಂಡಿಗೆ ಬಿತ್ತು. ಹಸುವಿನ ಯಜಮಾನ ಕೈ ಮುಗ್ಕೊಂಡು ಓಡಿಬಂದ. ನಮ್ಮವನೋ, ಸೊಟ್ಟಗಾದ ಮುಚ್ಚಳ ಎತ್ಕೊಂಡು ಹಲ್ಲು ಕಿರಿದ.

"ಬಯ್ಬೇಡಣ್ಣ ಅದನ್ನ. ಫ್ಯಾಕ್ಟ್ರಿ ಇನ್‌ಸ್ಪೆಕ್ಟರಿಗಿಂತ ಚೆಂದಾಗಿ ಪಾಸ್ ಮಾಡೈತೆ."

ಇಂಥವನ ಹತ್ರ ಒಂದು ಸಲ ನಾನೂ ತಪ್ಪು ಮಾಡಿದೆ. ಅವನು ಹೊಳಪು ಹಚ್ಚಿಟ್ಟ ದೊಡ್ಡ ಪಾತ್ರೇನ, ಪಾಪ, ಸಹಾಯ ಮಾಡೋಣ ಅಂತ, ಬೂದಿ ಹಾಕಿ ತಿಕ್ಕಿಟ್ಟೆ. ನಮ್ಮ ಅವ್ವ ಕಲಿಸಿದ್ದೇ ಅದು. ಬೆಳಿಗ್ಗೆ ನೋಡಿದ್ರೆ ಪಾತ್ರೆ ಕರ್ರಗೆ!

"ಏನತ್ಗೆ ಮಾಡ್ಬುಟ್ಟೆ! ಬೂದಿ ಹಿತ್ತಾಳೆಗೆ ಅಮೃತ, ಇದಕ್ಕೆ ಇಸ!"

"ತೊಳೆದಿದ್ದಕ್ಕೂ ಬಯ್ತೀಯೇನ್ಲಾ?"

ಮೂರು ದಿನ ಮಾತಿಲ್ಲ. ಇವನ ಪ್ರಾಣ ಬೂದಿ ಡಬ್ಬದಲ್ಲಿದೆ ಅಂತ ಅವತ್ತೇ ತಿಳ್ಕೊಂಡೆ.

ಸಂಕ್ರಾಂತಿ ಆದ ಮೇಲೆ ನಾನು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡೆ. ಆಪರೇಷನ್ ಆಯ್ತು. ಡಾಕ್ಟರಮ್ಮ ತಮಿಳಲ್ಲಿ ಹೇಳಿದಳು, "ಪಾಟ್ಟಿ, ನಡಂದಾ ಕಾಲು, ಇಲ್ಲೇನ್ನಾ ಕಟ್ಟಿಲು." ಅಜ್ಜೀ, ನಡೆದ್ರೆ ಕಾಲು ಉಳೀತದೆ, ಇಲ್ಲಾಂದ್ರೆ ಮಂಚವೇ ಗತಿ ಅಂತ. ಕೈಗೆ ವಾಕರ್ ಕೊಟ್ಟು ಕಳಿಸಿದಳು. ಮಾಸಲು ಬಣ್ಣದ ಅಲ್ಯೂಮಿನಿಯಂ ಪೈಪಿನ ನಾಲ್ಕು ಕಾಲು. ಅದನ್ನ ಹಿಡಿದ್ರೆ ನಂಗೂ ಆ ಹಸುಗೂ ಏನು ವ್ಯತ್ಯಾಸ? ಮುಟ್ಟಲ್ಲ ಅಂದೆ. ಒಗೆದ ಲಂಗ ಒಣಗಿಸೋಕೆ ಮಾತ್ರ ಚೆನ್ನಾಗಿತ್ತು. ನಿಜ ಹೇಳ್ಬೇಕಂದ್ರೆ ನಾಚಿಕೆಗಿಂತ ಭಯ ಜಾಸ್ತಿ. ಇನ್ನೊಂದು ಸಲ ಬಿದ್ರೆ ಏಳೋದಿಲ್ಲ ಅಂತ ನಂಗೆ ಗೊತ್ತಿತ್ತು. ಅದನ್ನ ಯಾರಿಗೂ ಹೇಳ್ಲಿಲ್ಲ. ಒಂದು ತಿಂಗಳು ಹೋಯ್ತು, ಕಾಲು ಕಡ್ಡಿಯಾಯ್ತು.

ಒಂದಿನ ವಾಕರ್ ಕಾಣೆಯಾಯ್ತು. ನಾಲ್ಕನೇ ದಿನ ಬೆಳಿಗ್ಗೆ ಕಣ್ಣು ಬಿಟ್ರೆ ಮಂಚದ ಹತ್ರ ಏನೋ ಧಗಧಗ ಅಂತಿದೆ! ಪೈಪು ಪೈಪೂ ಕನ್ನಡಿ. ನನ್ನ ನೋಡೋಕೆ ಬಂದ ಹೆಂಗಸರು ಅದರಲ್ಲಿ ಕುಂಕುಮ ಸರಿಮಾಡ್ಕೊಂಡು ಹೋದ್ರು. ನನ್ನ ಸೊಂಟ ಹೇಗಿದೆ ಅಂತ ಒಬ್ಬಳೂ ಕೇಳ್ಲಿಲ್ಲ!

"ತಮಾಷೆ ಮಾಡ್ತೀಯೇನ್ಲಾ? ಇದನ್ನ ಹಿಡ್ಕೊಂಡು ಬೀದಿಗಿಳಿದ್ರೆ ಊರ ತುದಿಯ ಆಲಸನತ್ತಂವರೆಗೂ ಕಾಣ್ತೀನಿ!"

"ಕಾಣು ಬುಡು."

"ಬೂದಿ ಬಳಿದುಬಿಡ್ತೀನಿ, ನೋಡ್ತಿರು!"

ಅವನು ಉಗುರು ನೋಡ್ಕೊಳ್ತಾ ಅಂದ: "ಬಳಿ. ಡಬ್ಬ ಹಿತ್ತಲ ಒಗೆಯೋ ಕಲ್ಲಿನ ಮೇಲೈತೆ."

"ಹೋಗಿ ತಂದ್ಕೊಡೇ" ಅಂತ ಓರಗಿತ್ತಿಗೆ ಹೇಳಿದೆ.

"ಒಲೆ ಮೇಲೆ ಹಾಲಿಟ್ಟಿವ್ನಿ ಅಕ್ಕ" ಅಂತ ಮಾಯವಾದಳು. ಹಾಲಿನೋನು ಅವತ್ತು ಬಂದೇ ಇರ್ಲಿಲ್ಲ!

ಎದ್ದೆ. ಕಾಲಲ್ಲಿ ಶಕ್ತಿ ಇರ್ಲಿಲ್ಲ, ಕೋಪದಲ್ಲಿತ್ತು. ವಾಕರ್ ಎತ್ತಿ ಮುಂದಿಟ್ಟೆ, ಹೆಜ್ಜೆ ಇಟ್ಟೆ, ಬಯ್ದೆ. ಮತ್ತೆ ಎತ್ತಿಟ್ಟೆ, ಮತ್ತೆ ಬಯ್ದೆ. ನಡುಮನೆ ದಾಟೋ ಹೊತ್ತಿಗೆ ಅವನ ವಂಶದೋರೆಲ್ಲ ಮುಗಿದಿದ್ರು. ನನ್ನ ಗಂಡನೂ ಅದೇ ವಂಶ, ಇರ್ಲಿ.

ಹಿತ್ತಲ ಹೊಸ್ತಿಲು ಬಂತು, ಕಾಲು ಎತ್ತಿ ದಾಟ್ಬೇಕು. ತಲೆ ತಗ್ಗಿಸಿ ನಿಂತೆ. ಮುಂದಿನ ಅಡ್ಡ ಪೈಪಿನಲ್ಲಿ ನನ್ನ ಮುಖ ತುಳಿದ ಮುದ್ದೆ ಥರ ಚಪ್ಪಟೆಯಾಗಿತ್ತು. ಅದರ ಹಿಂದೆ, ಗೊಂಬೆಯಷ್ಟು ಸಣ್ಣಗೆ, ಮೈದುನ. ಚಪ್ಪಲಿ ಬಿಟ್ಟು, ಮಂಡಿ ಬಗ್ಗಿಸಿ, ಎರಡೂ ಕೈ ಅಗಲಿಸ್ಕೊಂಡು ಬರ್ತಿದ್ದ. ಆಗಷ್ಟೇ ಹೆಜ್ಜೆ ಕಲಿಯೋ ಮಗೂನ ಹಿಂದೆ ಹೋಗ್ತಾರಲ್ಲ, ಹಾಗೆ. ಬೆರಳು ಹತ್ತೂ ಪಾಲಿಶ್ ಮಸಿಯಲ್ಲಿ ಕಪ್ಪಾಗಿದ್ವು.

ತಿರುಗಿ ನೋಡ್ಲಿಲ್ಲ. ನೋಡಿದ್ರೆ ಕೈ ಇಳಿಸಿ, ಜೇಡರ ಬಲೆ ನೋಡೋನ ಹಾಗೆ ನಿಂತುಬಿಡ್ತಿದ್ದ.

ಹೊಸ್ತಿಲು ದಾಟಿದೆ. ಒಗೆಯೋ ಕಲ್ಲು ಮುಟ್ಟಿದೆ. ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ಬೂದಿ ತೆಗೆದೆ. ಪಕ್ಕದ ಕರಿಬೇವಿನ ಬುಡಕ್ಕೆ ಎರಚಿದೆ.

"ಗಿಡಕ್ಕೆ ಬೇಕಿತ್ತು ಕಣ್ಲಾ. ನಿನ್ ವಾಕರಿಗೆ ನಾಳೆ."

ಈಗಲೂ ದಿನಾ ಬೆಳಿಗ್ಗೆ ಬೂದಿ ಬಳೀತೀನಿ ಅಂತ ಬಯ್ಕೊಂಡೇ ಹಿತ್ತಲಿಗೆ ಹೋಗ್ತೀನಿ. ಕರಿಬೇವು ಸೊಂಪಾಗಿ ಬಂದಿದೆ. ಹೊಸ್ತಿಲ ಹತ್ರ ಒಂದು ಸಲ ಪೈಪು ನೋಡ್ತೀನಿ. ಅವನು ಕೈ ಇನ್ನೂ ಇಳಿಸಿಲ್ಲ.