ಎಗರುಜೇಡ ಜಾತಿಯ ನೋಂದಣಿ

೨೦೨೩ನೇ ಇಸವಿ ಅಕ್ಟೋಬರ್ ೯, ಸೋಮವಾರ ಬೆಳಿಗ್ಗೆ ೭ ಗಂಟೆ ೪೦ ನಿಮಿಷಕ್ಕೆ, ತಳಕು ಮತ್ತು ಬಿ.ಜಿ. ಕೆರೆಯ ನಡುವಿನ ಹುಲ್ಲುಗಾವಲಿನಲ್ಲಿ ಒಂದು ಹೊಸ ಜಾತಿ ಪತ್ತೆಯಾಯಿತು. ಪತ್ತೆ ಮಾಡಿದವಳು ನಾನು. ಉದ್ದ ಐದೂವರೆ ಮಿಲಿಮೀಟರ್, ಬಣ್ಣ ಒಣಹುಲ್ಲಿನದು, ಹಣೆಯ ಮೇಲೆ ಬಿಳಿ ಪಟ್ಟೆ, ಕಣ್ಣು ಎಂಟು. ಇದು ಬಲೆ ಕಟ್ಟಿ ಕಾಯುವ ಜೇಡವಲ್ಲ, ಎಗರಿ ಹಿಡಿಯುವ ಜೇಡ.

ನಾನು ಆಗ ಕುದಾಪುರದ ಒಂದು ಸಂಶೋಧನಾ ಕೇಂದ್ರದಲ್ಲಿ ಯೋಜನಾ ಸಹಾಯಕಿ. ನಾಲ್ಕು ತಿಂಗಳು ಹನ್ನೊಂದು ಕಡೆ ಹುಡುಕಿದೆ. ಪೊರಕೆ ಕಟ್ಟುವ ಹುಲ್ಲು ಬೆಳೆದಿದ್ದ ಎರಡು ಎಕರೆ ಬಿಟ್ಟು ಬೇರೆಲ್ಲೂ ಅದು ಸಿಗಲಿಲ್ಲ. ಆ ಎರಡು ಎಕರೆ ಎರಡು ತಾಲ್ಲೂಕುಗಳ ಗಡಿಯ ಮೇಲಿದ್ದ ಸರ್ಕಾರಿ ಜಾಗ. ‘ಖಾಲಿ’ ಎಂದು ದಾಖಲಾಗಿತ್ತು. ಖಾಲಿ ಎಂದು ದಾಖಲಾದ ಜಾಗ ಹೆಚ್ಚು ದಿನ ಖಾಲಿ ಇರುವುದಿಲ್ಲ. ಆದ್ದರಿಂದ ಅದನ್ನು ಇದ್ದಂತೆಯೇ ಬಿಡಬೇಕೆಂದು ಕೋರಿ, ಗಡಿ ಜಮೀನು ಮತ್ತು ಇತರೆ ವಿಷಯಗಳ ಜಂಟಿ ಕಚೇರಿಗೆ ಅರ್ಜಿ ಕೊಡಲು ಹೋದೆ.

ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಸಿದ್ದಲಿಂಗೇಶ್ ಎಂಬುವವರು ಇಪ್ಪತ್ತು ವರ್ಷಗಳಿಂದ ಅರ್ಜಿ ಬರೆದುಕೊಡುತ್ತಿದ್ದಾರೆ. ನನ್ನ ಅರ್ಜಿಯನ್ನು ಓದಿ, ‘ಹೊಸ ಪ್ರಭೇದ’ ಎಂದಿದ್ದ ಕಡೆ ಪೆನ್ನು ಇಟ್ಟರು.

“ಪ್ರಭೇದ ಅಂದ್ರೆ ಯಾವ ಟೇಬಲ್ಲಿಗೂ ಹೋಗಲ್ಲಮ್ಮ. ಜಾತಿ ಅಂತ ಬರೀರಿ, ಇವತ್ತೇ ಹೋಗ್ತೈತೆ.”

ಜೀವಶಾಸ್ತ್ರದಲ್ಲೂ ಆ ಪದ ಬಳಕೆಯಲ್ಲಿದೆ. ಒಪ್ಪಿದೆ. ಅರ್ಜಿ ಅಂದೇ ಹೋಯಿತು.

ಮರುದಿನ ವಿಷಯ ನಿರ್ವಾಹಕ ಶಶಿಕಾಂತ್ ನನ್ನನ್ನು ಕರೆಸಿ, ಹದಿನೆಂಟು ಕಲಂಗಳ ನಮೂನೆಯೊಂದನ್ನು ಮುಂದಿಟ್ಟರು. ಅದು ಹೊಸ ಜಾತಿಯ ನೋಂದಣಿ ನಮೂನೆ. ಇದು ಜೇಡ ಎಂದು ನಾನು ತಿಳಿಸಿದೆ. ಜೇಡ ಎಂಬುದು ಒಂದನೇ ಕಲಮಿನಲ್ಲಿ ಬರುತ್ತದೆಂದು ಅವರು ತಿಳಿಸಿ, ಬರೆದುಕೊಂಡರು. ಕುಲಕಸುಬಿನ ಕಲಮಿನಲ್ಲಿ ನನ್ನನ್ನು ಕೇಳದೆಯೇ ‘ನೇಯ್ಗೆ’ ಎಂದು ಬರೆದರು. ಇದು ಬಲೆ ನೇಯುವುದಿಲ್ಲ ಎಂದೆ. ಅವರು ತಲೆ ಎತ್ತಿದರು.

“ನೇಯಲ್ವಾ? ಮೊಳಕಾಲ್ಮುರು ಮಗ್ಗುಲಲ್ಲೇ ಇದ್ಕೊಂಡು?”

‘ನೇಯ್ಗೆ, ಸದ್ಯ ಕೈಬಿಟ್ಟಿರುತ್ತಾರೆ’ ಎಂದು ತಿದ್ದುಪಡಿಯಾಯಿತು.

ಎರಡು ವಾರದ ನಂತರ ಆಕ್ಷೇಪಣಾ ಪತ್ರ ಬಂತು. ‘ಲಗತ್ತಿಸಿರುವ ಭಾವಚಿತ್ರದಲ್ಲಿ ನಾಲ್ಕು ಕಣ್ಣುಗಳು ಮಾತ್ರ ಕಂಡುಬಂದಿದ್ದು, ಉಳಿಕೆ ನಾಲ್ಕು ಕಣ್ಣುಗಳ ಬಗ್ಗೆ ಏಳು ದಿನಗಳೊಳಗಾಗಿ ಸಮಜಾಯಿಷಿ ನೀಡತಕ್ಕದ್ದು.’ ಉಳಿದವು ತಲೆಯ ಪಕ್ಕ ಮತ್ತು ಹಿಂಬದಿಯಲ್ಲಿವೆ ಎಂದು ಬರೆದು ಮೇಲಿನಿಂದ ತೆಗೆದ ಫೋಟೊ ಕೊಟ್ಟೆ. ಸಮಜಾಯಿಷಿ ತೃಪ್ತಿಕರವೆಂದು ಷರಾ ಬರೆದು ಸ್ಥಳ ಮಹಜರಿಗೆ ದಿನ ಗೊತ್ತುಪಡಿಸಿದರು.

ಮಹಜರಿನ ದಿನ ಒಂದು ಗಂಡು ಜೇಡ ಗಡಿಕಲ್ಲಿನ ಮೇಲೆ ಕೂತಿತ್ತು. ಇದು ಚಳ್ಳಕೆರೆ ತಾಲ್ಲೂಕಿನದೆಂದು ಶಶಿಕಾಂತ್ ಬರೆದು ಮುಗಿಸುವಷ್ಟರಲ್ಲಿ ಅದು ಮೊಳಕಾಲ್ಮುರು ತಾಲ್ಲೂಕಿಗೆ ಎಗರಿತು. ಹೊಡೆದುಹಾಕಿ ತಿದ್ದಿದರು. ಅದು ವಾಪಸು ಎಗರಿತು. ಕೊನೆಗೆ ‘ಅಲೆಮಾರಿ’ ಎಂದು ಬರೆದು ಸಹಿ ಮಾಡಿದರು.

ಸ್ಥಳೀಯರ ಹೇಳಿಕೆ ಬೇಕಿತ್ತು. ಅಲ್ಲಿ ಇದ್ದ ಸ್ಥಳೀಯರೆಂದರೆ ಆಡು ಮೇಯಿಸುತ್ತಿದ್ದ ಲಕ್ಷ್ಮಕ್ಕ ಒಬ್ಬರೇ. ಇವರು ಎಷ್ಟು ವರ್ಷದಿಂದ ಇಲ್ಲಿ ವಾಸವಿದ್ದಾರೆ ಎಂದು ಶಶಿಕಾಂತ್ ಹುಲ್ಲು ತೋರಿಸಿ ಕೇಳಿದರು.

“ನಮ್ಮವ್ವನ ಕಾಲದಿಂದ ಐತೆ ಸಾರ್ ಈ ಎಗರುಜೇಡ. ಯಾರ ತಾವೂ ಏನೂ ಕೇಳಿಲ್ಲ. ಅದಕ್ಕೇ ಯಾರಿಗೂ ಗೊತ್ತಿಲ್ಲ.”

ಹೇಳಿಕೆಯನ್ನು ದಾಖಲಿಸಿ ಹೆಬ್ಬೆಟ್ಟು ಪಡೆಯಲಾಯಿತು. ಜಾತಿಯ ಹೆಸರೂ ಅದೇ ಹೇಳಿಕೆಯಿಂದ ಅಂತಿಮವಾಯಿತು.

೨೦೨೪ರ ಜುಲೈನಲ್ಲಿ ಕಚೇರಿಯ ಗೋಡೆಗೆ ಪ್ರಕಟಣೆ ಅಂಟಿಸಿದರು:

‘ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಎಗರುಜೇಡ ಎಂಬ ಜಾತಿಯು ನೋಂದಣಿಯಾಗಿದ್ದು, ಸದರಿ ಜಾತಿಗೆ ಸೇರಿದವರು ಹದಿನೈದು ದಿನಗಳೊಳಗಾಗಿ ಖುದ್ದು ಹಾಜರಾಗಿ ಹೆಸರು ನಮೂದಿಸಿಕೊಳ್ಳತಕ್ಕದ್ದು. ಹಾಜರಾಗದವರು ಜಾತಿಯಲ್ಲಿ ಇಲ್ಲವೆಂದು ಪರಿಗಣಿಸಲಾಗುವುದು.’

ಹದಿನೈದು ದಿನಗಳಲ್ಲಿ ಯಾವ ಜೇಡವೂ ಹಾಜರಾಗಲಿಲ್ಲ. ಹಾಜರಾದವರು ೧,೩೦೪ ಜನ. ಹೊಸ ಜಾತಿಯಾದ್ದರಿಂದ ಸರ್ಕಾರಿ ಸೌಲಭ್ಯದ ಸಾಲಿನಲ್ಲಿ ಮುಂದೆ ಯಾರೂ ಇಲ್ಲ ಎಂಬುದು ಅವರ ಲೆಕ್ಕ. ಯಾರು ನಿಜವಾಗಿ ಈ ಜಾತಿಯವರು ಎಂಬ ಪ್ರಶ್ನೆ ಬಂದಾಗ ಕಚೇರಿ ಒಂದು ನಿಯಮ ಮಾಡಿತು. ಅರ್ಜಿದಾರರು ಜೀವಮಾನದಲ್ಲಿ ಒಮ್ಮೆಯಾದರೂ ಎಗರಿರಬೇಕು, ಅದಕ್ಕೆ ಇಬ್ಬರು ಕಣ್ಣಾರೆ ಕಂಡ ಸಾಕ್ಷಿಗಳಿರಬೇಕು. ಒಂದು ಪಕ್ಷದಿಂದ ಇನ್ನೊಂದಕ್ಕೆ ಎಗರಿದ್ದರೂ ಮಾನ್ಯ. ಗುತ್ತಿಗೆದಾರ ಚಂದ್ರಶೇಖರ್ ಹಾಗೆ ನಾಲ್ಕು ಸಲ ಎಗರಿದ್ದರು. ಅವರಿಗಿಂತ ಅರ್ಹರು ಸಿಗದ ಕಾರಣ ಜಾತಿ ಸಂಘದ ಅಧ್ಯಕ್ಷರಾಗಿ ಅವಿರೋಧ ಆಯ್ಕೆಯಾದರು. ಲಕ್ಷ್ಮಕ್ಕ ಎಲ್ಲಿಗೂ ಎಗರಿರಲಿಲ್ಲ. ಅರ್ಜಿ ಹಾಕಲಿಲ್ಲ.

ಸಂಘದವರು ನನಗೆ ಶಾಲು ಹೊದಿಸಿದರು. ತಮ್ಮ ಜಾತಿ ಇಷ್ಟು ಕಾಲ ಕತ್ತಲೆಯಲ್ಲಿತ್ತು, ಬೆಳಕಿಗೆ ತಂದವರು ಗಂಗಾಂಬಿಕಾ ಮೇಡಂ ಎಂದು ಅಧ್ಯಕ್ಷರು ಭಾಷಣ ಮಾಡಿದರು. ಅದೇ ಸಭೆಯಲ್ಲಿ ಸಮುದಾಯ ಭವನ ಮಂಜೂರಾದ ವಿಷಯ ತಿಳಿಸಿದರು. ಜಾಗ, ಆ ಎರಡು ಎಕರೆ.

ನಾನು ಶಾಲು ಹೊದ್ದುಕೊಂಡೇ ಶಶಿಕಾಂತ್ ಬಳಿ ಹೋದೆ.

“ನೀವೇ ಅರ್ಜಿಲಿ ಬರ್ದಿದೀರಲ್ಲ ಮೇಡಂ, ಈ ಜಾತಿಗೆ ಇದೇ ಏಕೈಕ ನೆಲೆ ಅಂತ. ಭವನನ ಮೂಲ ನೆಲೆಲೇ ಕಟ್ಬೇಕು. ಬೇರೆ ಕಡೆ ಕಟ್ಟಿದ್ರೆ ಆಡಿಟ್‌ನೋರು ಬಿಡ್ತಾರಾ?”

“ಹುಲ್ಲು ತೆಗೆದರೆ ಜೇಡ ಸಾಯುತ್ತೆ ಸರ್.”

“ಸಾಯಲಿ ಬಿಡಿ, ಜಾತಿ ಎಲ್ಲಿಗೋಗತೈತೆ? ಫೈಲಲ್ಲಿ ಐತಲ್ಲ.”

ಅರ್ಧ ಎಕರೆಯಾದರೂ ಬಿಡಿ ಎಂದು ಇನ್ನೊಂದು ಅರ್ಜಿ ಕೊಟ್ಟೆ. ವಾಹನ ನಿಲುಗಡೆಗೆ ಅರ್ಧ ಎಕರೆ ಈಗಾಗಲೇ ಬಿಟ್ಟಿರುವುದರಿಂದ ಅರ್ಜಿ ಇತ್ಯರ್ಥವಾಯಿತು. ಡಿಸೆಂಬರ್ ೪ರಂದು ಜೆಸಿಬಿ ಬಂತು. ಹಿಂದಿನ ದಿನ ನಾನು ಇಪ್ಪತ್ಮೂರು ಜೇಡಗಳನ್ನು ಡಬ್ಬಿಗಳಲ್ಲಿ ಹಿಡಿದು ರಸ್ತೆಯಾಚೆಯ ಹುಲ್ಲಿಗೆ ಬಿಟ್ಟಿದ್ದೆ. ಒಂದು ತಿಂಗಳ ನಂತರ ಅಲ್ಲಿ ಎರಡು ಇದ್ದವು. ಎರಡು ತಿಂಗಳ ನಂತರ ಇರಲಿಲ್ಲ.

ಭವನ ೨೦೨೫ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಬಾಗಿಲ ಮೇಲೆ ಸಿಮೆಂಟಿನ ಜೇಡವಿದೆ. ಎಸ್ಟಿಮೇಟಿನಲ್ಲಿ ಆರು ಕಾಲಿಗೆ ಮಾತ್ರ ಮಂಜೂರಾತಿ ಇದ್ದುದರಿಂದ ಅದಕ್ಕೆ ಆರು ಕಾಲು. ಅದು ಬಲೆಯ ನಡುವೆ ಕೂತಿದೆ.

ಆಗಸ್ಟಿನಲ್ಲಿ, ನಾನು ಜೇಡದ ವಿವರಣೆ ಬರೆದು ಕಳಿಸಿದ್ದ ವಿಜ್ಞಾನ ಪತ್ರಿಕೆಯವರು ಒಂದು ವಾಕ್ಯ ಸೇರಿಸಲು ಕೇಳಿದರು: ಪತ್ತೆಯಾದ ಸ್ಥಳದಲ್ಲಿ ಅದು ಈಗಲೂ ಇದೆಯೇ? ನೋಡಲು ಹೋದೆ. ಗೇಟಿಗೆ ಬೀಗ. ‘ಸ್ವಜಾತಿಯವರಿಗೆ ಮಾತ್ರ ಪ್ರವೇಶ’ ಎಂಬ ಬೋರ್ಡು. ಒಳಗೆ ಕಾಂಪೌಂಡಿನ ಮೂಲೆಯಲ್ಲಿ ಒಂದು ಹಿಡಿ ಹುಲ್ಲು ಉಳಿದಿರುವುದು ಕಾಣುತ್ತಿತ್ತು. ಕಾಂಪೌಂಡ್ ಎಗರಿದೆ.

ಹುಲ್ಲಿನ ಬುಡದಲ್ಲಿ ಕೂರುವಷ್ಟರಲ್ಲಿ ಅಧ್ಯಕ್ಷರ ಕಾರು ಬಂತು. ಚಂದ್ರಶೇಖರ್ ಸಿಟ್ಟಾಗಲಿಲ್ಲ.

“ಕೇಳಿದ್ರೆ ಬೀಗ ತೆಗೀತಿದ್ವಲ್ಲ ಮೇಡಂ. ಆದ್ರೆ ನಮ್ಮೋರಿಗೆ ಮಾತ್ರ ಅಂತ ರೂಲ್ಸು. ಅಲ್ಲ, ನೀವು ಎಗರಿದ್ದು ಕಾರಲ್ಲಿ ಬರ್ತಾ ನಾನೇ ನೋಡ್ದೆ. ಇನ್ನೊಬ್ರು ಯಾರು ನೋಡಿದ್ರು?”

ಕಾಂಪೌಂಡಿನಾಚೆ ಆಡುಗಳೊಂದಿಗೆ ಲಕ್ಷ್ಮಕ್ಕ ನಿಂತಿದ್ದರು.

“ನಾನು ನೋಡಿದೆ ಕಣಪ್ಪ,” ಎಂದರು. “ಚೆನ್ನಾಗೇ ಎಗರ್ತು ಹುಡುಗಿ.”

ಕಾರಿನಿಂದ ತಂದ ಸದಸ್ಯತ್ವದ ಅರ್ಜಿಗೆ ಲಕ್ಷ್ಮಕ್ಕ ಗೋಡೆಯ ಮೇಲಿನಿಂದ ಕೈ ಚಾಚಿ ಹೆಬ್ಬೆಟ್ಟು ಒತ್ತಿದರು. ಅಧ್ಯಕ್ಷರು ಸಹಿ ಮಾಡಿದರು. ನಂತರ ನಾನು ನಿಯಮಬದ್ಧವಾಗಿ ಮೂರು ದಿನ ಹುಡುಕಿದೆ.

ಸಿಕ್ಕಿದ ಜೇಡಗಳು ೦. ನನ್ನ ಸದಸ್ಯತ್ವ ಸಂಖ್ಯೆ ೨,೧೧೭.