ಕಾಡುಬಸಳೆಯ ವೈರಿ

ಮುಂಬಯಿಯ ಇಡೀ ಘಾಟ್ಕೋಪರಿನಲ್ಲಿ ನಮ್ಮ ಕಾಕಾರಷ್ಟು ದೊಡ್ಡ ಬೆಳೆಗಾರರು ಇನ್ನೊಬ್ಬರಿರಲಿಲ್ಲ ಎಂದರೆ ನೀವು ನಂಬಬೇಕು. ಮಜಾ ಏನೆಂದರೆ, ಅವರು ಜನ್ಮದಲ್ಲಿ ಒಂದು ಗಿಡ ನೆಟ್ಟವರಲ್ಲ. ಕಿತ್ತವರು!

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಕೆಲಸ ಹುಡುಕಿಕೊಂಡು ಧಾರವಾಡದಿಂದ ಬಂದು ಅವರ ಚಾಳಿನ ಖೋಲಿ ಸೇರಿದಾಗ ಗಿಡದ ಜೊತೆಗಿನ ಅವರ ಯುದ್ಧ ಆಗಲೇ ಶುರುವಾಗಿತ್ತು. ಅವರ ಹೆಂಡತಿ, ನಮ್ಮ ಕಾಕು, ತವರಿನ ಹಿತ್ತಲಿನಿಂದ ಕಾಡುಬಸಳೆಯ ಒಂದೇ ಒಂದು ಎಲೆ ತಂದು ಗ್ಯಾಲರಿಯ ಡಬ್ಬಿಯಲ್ಲಿ ಇಟ್ಟಿದ್ದರು. ಆ ಗ್ಯಾಲರಿಯಲ್ಲಿ ತುಳಸಿ ಸತ್ತಿತ್ತು, ಮಲ್ಲಿಗೆ ಸತ್ತಿತ್ತು. ಇದೊಂದು ಮಾತ್ರ ಎಲೆಯ ಅಂಚಿನಿಂದಲೇ ಮರಿ ಹಾಕಿ, ಡಬ್ಬಿ ದಾಟಿ, ಗೋಡೆಯ ಬಿರುಕಿಗೆ ಬೇರಿಳಿಸಿ, ಕಾಕಾರ ಆರಾಮ ಕುರ್ಚಿಯ ಜಾಗಕ್ಕೇ ಬಂದಿತ್ತು. ಅವರು ಸುಮ್ಮನಿರುತ್ತಾರೆಯೇ?

ಒಂದು ರವಿವಾರ ಅದನ್ನು ಕಿತ್ತು, ಈಳಿಗೆಯ ಮುಂದೆ ಕೂತು ತುಂಡು ತುಂಡು ಮಾಡಿ, ಗ್ಯಾಲರಿಯಿಂದ ಕೆಳಕ್ಕೆ ಎಸೆದು ಕೈ ತೊಳೆದುಕೊಂಡರು. ಮಳೆ ಬಂತು ನೋಡಿ! ಕೆಳಗಿನ ಮರಾಠಿ ಮಾವಶಿಯ ಮನೆಯ ಹಂಚಿನ ತುಂಬ ಕಾಡುಬಸಳೆ.

“ಕಾಯ್ ಹೋ ಕಾಕಾ, ಆಮ್ಚ್ಯಾ ಛಪರಾವರ್ ಶೇತೀ ಕರ್ತಾ ಕಾ?” ನಮ್ಮ ಮಾಡಿನ ಮೇಲೆ ಬೇಸಾಯ ಮಾಡುತ್ತೀರಾ ಎಂದು ಮಾವಶಿ ಕೂಗಿದ್ದು ಸ್ಟೇಷನ್ನಿನವರೆಗೂ ಕೇಳಿಸಿರಬೇಕು.

ಮುಂದಿನ ಸಲ ಕಾಕಾ ಬುದ್ಧಿವಂತರಾದರು. ಕಿತ್ತ ಗಿಡವನ್ನು ಮಣ್ಣಿಗೆ ತಾಗಿಸದೆ ಗೋಡೆಯ ಮೊಳೆಗೆ ತಲೆಕೆಳಗಾಗಿ ನೇತುಹಾಕಿದರು, ಒಣಗಿ ಸಾಯಲಿ ಎಂದು. ಅದು ನೇತಾಡುತ್ತಲೇ ಚಿಗುರಿ, ಚಳಿಗಾಲಕ್ಕೆ ಗಂಟೆಯಂಥ ಕೆಂಪು ಹೂವನ್ನೂ ಬಿಟ್ಟಿತು!

“ನೇಣ ಹಾಕಿದ್ರೂ ಸಾಯವಲ್ದು ಮಾರಾಯ್ತಿ ನಿನ್ನ ಗಿಡ!” ಎಂದು ಕಾಕಾ ತಲೆ ಚಚ್ಚಿಕೊಂಡರು. ಕಾಕು ನಗುತ್ತ ಆ ಹೂವನ್ನು ದೇವರಿಗೆ ಏರಿಸಿದರು.

ಆಮೇಲೊಂದು ವರ್ಷ ಕಾಕುಗೆ ಹೊಟ್ಟೆಯ ಆಪರೇಷನ್ ಆಗಬೇಕಾಯಿತು. ದವಾಖಾನೆಗೆ ಹೊರಟು ನಿಂತವರು ಗಂಡನ ಮುಖ ನೋಡಿ, “ಯಾಕ್ ಹಿಂಗ ಸಪ್ಪಗಾಗೀರಿ? ಗಿಡಕ್ಕ ನೀರ ಹಾಕ್ರಿ. ಅದೂ ಸಾಯಂಗಿಲ್ಲ, ನಾನೂ ಸಾಯಂಗಿಲ್ಲ ತಗೋರಿ” ಎಂದರು.

ಮರುದಿನವೇ ಚಾಳಿಗೆ ಸುಣ್ಣ ಹೊಡೆಯುವವರು ಬರಬೇಕೆ! ನಾವು ದವಾಖಾನೆಯಿಂದ ಬರುವಷ್ಟರಲ್ಲಿ ಗೋಡೆ ಬೆಳ್ಳಗೆ, ಗ್ಯಾಲರಿ ಬೋಳು. ಗಿಡವಿಲ್ಲ, ಡಬ್ಬಿಯಿಲ್ಲ, ಮೊಳೆಯೂ ಇಲ್ಲ. ಕಾಕಾ ಅಲ್ಲೇ ಕುಸಿದು ಕೂತರು.

“ನೀರ ಹಾಕ್ರಿ ಅಂದಿದ್ಲೋ ತಮ್ಮಾ. ಅಷ್ಟs ಕೇಳಿದ್ಲು.”

ಆಮೇಲೆ ಅವರು ಚಾಳಿನ ಮನೆಮನೆಗೆ ಹೋಗಿ ಒಂದು ಎಲೆ ಬೇಡಿದ್ದನ್ನು ನಾನು ಕಣ್ಣಾರೆ ಕಂಡೆ. ಇಷ್ಟು ವರ್ಷ ಬೈದು ಎಸೆದದ್ದನ್ನೇ! ಜನ ನಕ್ಕರು. ಮಾವಶಿ ಮಾತ್ರ ನಗಲಿಲ್ಲ. ಸ್ಟೂಲು ಹತ್ತಿ, ತಮ್ಮ ಹಂಚಿನ ಸಂದಿಯಿಂದ ದಪ್ಪನೆಯ ಒಂದು ಎಲೆ ಕಿತ್ತುಕೊಟ್ಟು, “ಘ್ಯಾ ಕಾಕಾ, ತುಮ್ಚೀಚ್ ಶೇತೀ” ಎಂದರು. ತಗೊಳ್ಳಿ, ನಿಮ್ಮದೇ ಬೇಸಾಯ!

ಡಬ್ಬಿಯಲ್ಲಿ ಹಚ್ಚೋಣ ಎಂದರೆ ಕಾಕಾ ಕೇಳಲಿಲ್ಲ. ಮತ್ತೆ ಯಾರಾದರೂ ಕಿತ್ತರೆ? ಎಲೆಯನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡರು. ಅಂಗಿ ಬದಲಿಸಿದಾಗಲೆಲ್ಲ ಎಲೆಯೂ ಹೊಸ ಅಂಗಿಯ ಕಿಸೆಗೆ ಹೋಗುತ್ತಿತ್ತು. ಆಪರೇಷನ್ ಆದ ಮೇಲೆ ಕಾಕುಗೆ ಜ್ವರ ಏರಿ, ಯಾರನ್ನೂ ಒಳಗೆ ಬಿಡಲಿಲ್ಲ. ಕಾಕಾ ದಿನಾ ಸಂಜೆ ವಾರ್ಡಿನ ಬಾಗಿಲಲ್ಲಿ ಕಿಸೆಯ ಮೇಲೆ ಕೈಯಿಟ್ಟುಕೊಂಡು ನಿಂತಿರುತ್ತಿದ್ದರು.

ಕೊನೆಗೂ ಒಳಗೆ ಬಿಟ್ಟ ದಿನ ಅವರು ನೇರ ಮಂಚದ ಬಳಿಗೆ ಹೋದರು. ಎಲೆ ತೆಗೆದು ಕಾಕುವಿನ ಅಂಗೈಯಲ್ಲಿಟ್ಟರು. ಅಂಚಿನ ತುಂಬ ದಾರದಂಥ ಬಿಳಿ ಬೇರು, ಸಾಸಿವೆಯಷ್ಟು ಪುಟ್ಟ ಚಿಗುರು.

ಕಾಕು ಎಲೆ ನೋಡಿದರು, ಅಂಗಿಯ ಮೇಲಿನ ಹಸಿರು ಕಲೆ ನೋಡಿದರು. “ಅಯ್ಯ, ಎಷ್ಟ ದಿನದಿಂದ ಕಿಸೆದಾಗ ಇಟ್ಕೊಂಡು ತಿರಗ್ಯಾಡೀರಿ?”

“ಹಾಳಾದ್ದು, ಸಾಯಂಗಿಲ್ಲ ಅದು” ಎಂದರು ಕಾಕಾ. “ನೀನs ಹೇಳಿದ್ದಿಲ್ಲೇನು?”

ಕಾಕು ಮನೆಗೆ ಬಂದ ದಿನ ಕಾಕಾ ತಮ್ಮ ಆರಾಮ ಕುರ್ಚಿಯನ್ನು ಒಳಗೆ ಒಯ್ದು, ಆ ಜಾಗದಲ್ಲಿ ಎಲೆಯ ಹೊಸ ಡಬ್ಬಿ ಇಟ್ಟು ನೀರು ಹಾಕಿದರು.